ಮೂರು ಪೆನ್ಸ್ ದಂಡ

ಮಾಲ್ಡನ್ ಊರಿನ ಹಳೆಯ ವಾಚನಾಲಯದಲ್ಲಿ
ನನಗೆ ವಾರಕ್ಕೆ ಮೂರು ದಿನದ ಕೆಲಸ:
ಎರವಲು ಲೆಡ್ಜರಿನ ಹಾಳೆ ಮಗುಚುವುದು,
ಗಾಜು ಒತ್ತುವುದು, ಬೆಳಕು ಹಾಯಿಸುವುದು.
ಕೈಬರಹ ಓದುವುದು ಯಂತ್ರದ ಪಾಲು.
ಓದಿದ್ದು ಸರಿಯೋ ಎಂದು ನೋಡುವುದು
ಮತ್ತೆ ನನ್ನ ತಲೆಗೇ.

ಶಾಯಿ ಈಗ ಚಹಾದ ಬಣ್ಣ.
ಸಾವಿರದ ಎಂಟುನೂರ ಎಪ್ಪತ್ತನಾಲ್ಕು.
ಜೇಬೆಜ್ ಟ್ರೆಗೊನಿಂಗ್, ಚಿನ್ನದ ಗಣಿ, ಹಗಲು ಪಾಳಿ.
ಮಾರ್ಚಿಯಲ್ಲಿ ಹಬೆಯಂತ್ರದ ಕೈಪಿಡಿ,
ಏಪ್ರಿಲಿನಲ್ಲಿ ಗ್ರಹಗಳ ಪುಸ್ತಕ.
ಮೇ, ಗ್ರಹಗಳ ಪುಸ್ತಕ.
ಜೂನ್, ಅದೇ.
ಜುಲೈಯಲ್ಲಿ ಅದನ್ನು ಯಾರೋ ಪಾದ್ರಿ ಒಯ್ದಿದ್ದ;
ಟ್ರೆಗೊನಿಂಗ್ ಆ ತಿಂಗಳು ಏನನ್ನೂ ಒಯ್ಯಲಿಲ್ಲ.
ಆಗಸ್ಟಿನಿಂದ ಮತ್ತೆ ಅದೇ, ಅದೇ.
ಪಕ್ಕದಲ್ಲಿ ಗುಮಾಸ್ತನ ಚೂಪು ಅಕ್ಷರ:
'ಪುಟ ನೂರಹನ್ನೆರಡಕ್ಕೆ ಮೇಣ. ಮೂರು ಪೆನ್ಸ್ ದಂಡ.'

ಆ ಪುಸ್ತಕ ಇನ್ನೂ ಇದೆ, ಮೇಲಿನ ಕಪಾಟಿನಲ್ಲಿ.
ಏಣಿ ಹತ್ತಿ ಇಳಿಸಿದೆ.
ಬೊಟ್ಟಿನಷ್ಟು ಮೇಣ, ನೂರೈವತ್ತು ವರ್ಷದಿಂದ ಕೂತಲ್ಲೇ ಕೂತಿದೆ,
ಅದರ ಕೆಳಗೆ ಮಸುಕಾಗಿ ಒಂದು ಕೋಷ್ಟಕ:
ಡಿಸೆಂಬರ್ ಒಂಬತ್ತು, ಸೂರ್ಯನ ಮುಖದ ಮೇಲೆ
ಶುಕ್ರ ಹಾದುಹೋಗುವ ಹೊತ್ತು.

ಮೆಲ್ಬರ್ನಿನಲ್ಲಿ ಅಂದು ದೊಡ್ಡ ದುರ್ಬೀನು, ತಪ್ಪದ ಗಡಿಯಾರ,
ಸೂರ್ಯ ಎಷ್ಟು ದೂರ ಎಂದು ಅಳೆಯಲು ಕೂತ ಪಂಡಿತರು.
ಇಲ್ಲಿ, ಗಣಿಯ ಸಂಬಳದ ಪುಸ್ತಕ ತೆಗೆದು ನೋಡಿದೆ:
ಟ್ರೆಗೊನಿಂಗ್, ಪೂರ್ತಿ ಹಾಜರಿ.
ನೆತ್ತಿಯ ಬಿಸಿಲಲ್ಲಿ ಚುಕ್ಕೆ ಸೂರ್ಯನ ಅಂಚು ದಾಟುವಾಗ
ಅವನು ಮುನ್ನೂರು ಅಡಿ ಕೆಳಗೆ
ಕಲ್ಲಿಗೆ ಉಳಿ ಹಿಡಿದಿದ್ದ.

ಸಂಜೆಯ ದಾಖಲೆಯನ್ನು ಯಂತ್ರ ಹೀಗೆ ಓದಿತು:
'ಟ್ರೆಗೊನಿಂಗ್ ವೈನ್ ಬಗ್ಗೆ ವಿಚಾರಿಸಿದ.
ಎಂಟು ವರ್ಷ ಕಾಯಲು ತಿಳಿಸಲಾಯಿತು.'
ಖಾತ್ರಿ: ಶೇಕಡಾ ಅರವತ್ತೊಂದು.
ಪಕ್ಕದ ಮೇಜಿನ ಮೌರೀನ್ ಪ್ಯಾಸ್ಕೊ ನಕ್ಕೇ ನಕ್ಕಳು:
ಎಂಟು ವರ್ಷದ್ದಾದರೆ ಒಳ್ಳೇ ವೈನೇ ಇರಬೇಕು ಬಿಡು.
ನಾನೂ ನಕ್ಕೆ. ಆಮೇಲೆ
ಆ ಪದದ ಕೊನೆಯ ಬಾಲ ಕಂಡಿತು.
ವೈನ್ ಅಲ್ಲ. ವೀನಸ್.
ಅದರ ಕೆಳಗೆ, ಯಂತ್ರ ಗೆರೆಯೆಂದು ಬಿಟ್ಟ ಸಾಲು:
'ಅದೂ ತಪ್ಪಿದರೆ, ಎಂದ. ನನ್ನಲ್ಲಿ ಉತ್ತರವಿರಲಿಲ್ಲ.'

ಉತ್ತರ ನನಗೆ ಗೊತ್ತು.
ಸಿಂಧನೂರಿನ ಶಾಲೆಯ ಅಂಗಳ, ಎರಡು ಸಾವಿರದ ನಾಲ್ಕು,
ನನಗೆ ಒಂಬತ್ತು ವರ್ಷ.
ಅತ್ತೆಯ ಎದೆಯ ಎಕ್ಸ್‌ರೇ ಹಾಳೆಯನ್ನು ಅಪ್ಪ ಮಡಿಸಿ ಕೊಟ್ಟಿದ್ದರು
(ಹಾಗೆ ನೋಡಬಾರದಂತೆ, ಈಗ ಗೊತ್ತು).
ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ ಸೂರ್ಯ,
ಸೂರ್ಯನಲ್ಲಿ ಒಂದು ಸಾಸಿವೆ ಕಾಳು.
ಒಂದು ಕಣ್ಣು ಮುಚ್ಚಿಕೊ, ಅವನೂ ಒಕ್ಕಣ್ಣನೇ, ಎಂದಳು ಅಜ್ಜಿ,
ಗಿಂಡಿಯ ಮೂತಿಗೆ ಅಡ್ಡ ಕೂತು ದರ್ಭೆ ಚುಚ್ಚಿಸಿಕೊಂಡವನು;
ನೋಡು, ನಿನಗಿನ್ನು ಶುಕ್ರದೆಸೆ.
ಒಂದು ನಿಮಿಷ ನೋಡಿದೆ.
ಇಷ್ಟೇನಾ ಎಂದೆ.
ಕುಂಟೆಬಿಲ್ಲೆ ಆಡಲು ಓಡಿದೆ.

ಡಿಸೆಂಬರ್ ಹತ್ತು: ಗ್ರೀಕರ ದುರಂತ ನಾಟಕಗಳು, ಮೊದಲ ಸಂಪುಟ.
ಎರಡನೆಯದನ್ನು ಅವನು ಕೇಳಿದ ದಾಖಲೆ ಇಲ್ಲ.
ಎಂಬತ್ತೆರಡರ ಲೆಡ್ಜರ್ ಗೆದ್ದಲಿನ ಪಾಲು,
ಅವನು ನೋಡಿದನೋ, ಅಂದೂ ಪಾಳಿಯಿತ್ತೋ,
ಅಷ್ಟು ದಿನ ಇದ್ದನೋ ಇಲ್ಲವೋ.

ಪದ ತಿದ್ದಿದೆ. ಬಿಟ್ಟ ಸಾಲು ಸೇರಿಸಿದೆ.
ನೂರಹನ್ನೆರಡನೇ ಪುಟವನ್ನೂ ಗಾಜಿನಡಿ ಇಟ್ಟೆ,
ಯಾರೂ ಹೇಳಿರಲಿಲ್ಲ.
ಬೆಳಕು ಹಾಯ್ದಾಗ ಮೇಣ ಒಳಗಿಂದ ಕೊಂಚ ಹಳದಿಯಾಯಿತು.
'ಕಲೆ ಪತ್ತೆಯಾಗಿದೆ. ಅಳಿಸಲೇ?' ಎಂದಿತು ಯಂತ್ರ.
ಬೇಡ ಎಂದು ಒತ್ತಿ
ಬುತ್ತಿ ಹಿಡಿದು ಹೊರಗೆ ಬಂದೆ.
ಉರಿಬಿಸಿಲು. ತಲೆಯೆತ್ತಿ ನೋಡಹೋದೆ,
ಕಣ್ಣು ಬಿಡಲಾಗಲಿಲ್ಲ.